ಆತೋ, ಮಾಡಿದ್ರೋ?

ನನಗೆ ಜಪಾನಿ ಭಾಷೆ ಕಲಿಸಿದವರ ಎಡಗೈ ತೋರುಬೆರಳು ಅರ್ಧವೇ ಇತ್ತು. ಹೊಸದಾಗಿ ಕ್ಲಾಸಿಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕೇ ಅವರು ಯಾರೂ ಕೇಳುವವರೆಗೆ ಕಾಯುತ್ತಿರಲಿಲ್ಲ. ಬೆರಳನ್ನು ತಾವೇ ಎತ್ತಿ ಹಿಡಿದು, "ಯುಬಿ ಗಾ ಮಿಜಿಕಾಕು ನಾರಿಮಾಶ್ತಾ" ಎನ್ನುತ್ತಿದ್ದರು. ಬೆರಳು ಗಿಡ್ಡಗಾಯಿತು ಎಂದು ಅದರ ಅರ್ಥ. ಒಂದು ವಸ್ತು ಇದ್ದ ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಬಂದದ್ದನ್ನು ಜಪಾನಿಯಲ್ಲಿ ಹೇಗೆ ಹೇಳಬೇಕು ಎಂಬ ಪಾಠ ಆ ಬೆರಳಿನಿಂದಲೇ ಶುರುವಾಗುತ್ತಿತ್ತು.

ನಾನು ಸೇರಿದ ಭಾನುವಾರ ಮುಂದಿನ ಸ್ಟೂಲಿನಲ್ಲಿ ಕುಳಿತಿದ್ದ ನರ್ಸ್ ಹುಡುಗಿಯೊಬ್ಬಳು ಕನಿಕರದಿಂದ ಕೇಳಿದಳು: "ಮಷೀನ್ ನೆ ಕಾಟ್ ದಿಯಾ ಕ್ಯಾ, ಸರ್?"

"ಮಷೀನ್ ಬೇಚಾರಾ ಕ್ಯಾ ಕರೇಗಾ? ಮೈಂನೆ ಕಾಟಾ" ಎಂದರು ಅವರು. ಮಷೀನು ಪಾಪ ಏನು ಮಾಡೀತು, ಕತ್ತರಿಸಿಕೊಂಡವನು ನಾನೇ ಎಂದು. ಬಟ್ಟೆ ಕತ್ತರಿಸುವ ಮಷೀನಿನ ಕಾವಲು ತಗಡನ್ನು ಬಿಚ್ಚಿಟ್ಟು, ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತ ರಿಪೇರಿ ಮಾಡುತ್ತಿದ್ದರಂತೆ. ಕೊನೆಯ ಓವರು. "ತಪ್ಪು ಮಷೀನಿನದೂ ಅಲ್ಲ, ಬೌಲರನದೂ ಅಲ್ಲ" ಎಂದು ಹಿಂದಿಯಲ್ಲಿ ಹೇಳಿ, ಕಪ್ಪು ಬಟ್ಟೆಯ ಕಡೆ ತಿರುಗಿದರು. ಅವರ ಕ್ಲಾಸಿನಲ್ಲಿ ಕರಿಹಲಗೆ ಇರಲಿಲ್ಲ. ಗೋಡೆಗೆ ಬಿಗಿದು ಕಟ್ಟಿದ ಕಪ್ಪು ಕಾಟನ್ ಬಟ್ಟೆ, ಬರೆಯಲು ದರ್ಜಿಗಳು ಗುರುತು ಹಾಕುವ ಸುಣ್ಣದ ಬಿಲ್ಲೆ, ಅಳಿಸಲು ಕೋಟು ಒರೆಸುವ ಬ್ರಶ್ಶು, ಇಷ್ಟೇ.

ಬಟ್ಟೆಯ ಮೇಲೆ ಅವರು ದೊಡ್ಡದಾಗಿ ‘ನಾರು’ ಎಂದು ಬರೆದು ಗಟ್ಟಿಯಾಗಿ ಓದಿದರು. ಜಪಾನಿಯಲ್ಲಿ ಹಾಗೆಂದರೆ ‘ಆಗು’. ನನಗೆ ಕಿಸಕ್ಕನೆ ನಗು ಬಂತು. ಉಳಿದ ಹನ್ನೊಂದು ಜನ ತಿರುಗಿ ನನ್ನನ್ನು ನೋಡಿದರು. ಅವರು ಬ್ರಶ್ಶನ್ನು ಕೆಳಗಿಟ್ಟು, ಕನ್ನಡಕವನ್ನು ಹಣೆಗೇರಿಸಿ ಕೇಳಿದರು, ಅಚ್ಚ ವಿಜಯಪುರದ ಕನ್ನಡದಲ್ಲಿ:

"ಕನ್ನಡದೋರೇನ್ರಿ ನೀವು?"

ನಾನು ಬೆಚ್ಚಿಬಿದ್ದೆ. ಕುರ್ಲಾದ ಓಣಿಯೊಂದರ ಹೊಲಿಗೆ ಮಷೀನ್ ರಿಪೇರಿ ಅಂಗಡಿಯಲ್ಲಿ, ಬಿಳಿ ಗಡ್ಡದ, ಹಿಂದಿಯಲ್ಲಿ ಜಪಾನಿ ಕಲಿಸುವ ಮನುಷ್ಯನ ಬಾಯಿಂದ ಆ ಪ್ರಶ್ನೆ ಬರುತ್ತದೆಂದು ಯಾರಿಗೆ ಗೊತ್ತು? "ಹೌದ್ರಿ. ಬೆಳಗಾವಿ ಕಡಿಯೋರು. ಇರೂದು ಬೊರಿವಲಿ" ಎಂದೆ.

"ಅದಕ್ಕ ನಕ್ರಿ. ಬ್ಯಾರೆ ಯಾರಿಗೂ ಇದು ನಾರೂದಿಲ್ಲ" ಎಂದು ತಾವೂ ನಕ್ಕರು. "ಹಂಗಾರ ನಿಮಗ ಅರ್ಧಾ ಜಪಾನಿ ಬಂದಂಗ. ಇವ್ರು ಪಾಪ ಇಂಗ್ಲಿಷಿನಾಗ ವಿಚಾರ ಮಾಡಿ ಒದ್ದಾಡ್ತಾರ. ನೀವು ಕನ್ನಡದಾಗ ವಿಚಾರ ಮಾಡ್ರಿ. ಕೆಂಪು ಅನ್ನೂ ಶಬ್ದ ಏನ್ ಆಗ್ತದ? ಕೆಂಪಗ ಆಗ್ತದ. ಅವ್ರ ಅಕಾಯಿ ಅಕಾಕು ಆಗ್ತದ. ನಾವು ‘ಗ’ ಹಚ್ಚತೀವಿ, ಅವ್ರು ‘ಕು’ ಹಚ್ಚತಾರ. ಮುಂದ ನಾವು ಆತು ಅಂತೀವಿ, ಅವ್ರು ನಾರಿಮಾಶ್ತಾ ಅಂತಾರ. ಮುಗೀತು."

ಮುಗಿಯಲಿಲ್ಲ, ಸುಮಾರು ಒಂದೂವರೆ ವರ್ಷ ಹಿಡಿಯಿತು. ಆದರೆ ಆ ದಿನ ಮುಗಿದೇ ಹೋಯಿತು ಎನ್ನುವಷ್ಟು ಧೈರ್ಯ ಬಂದದ್ದು ನಿಜ.

ನಾನು ಗೋರೆಗಾಂವಿನ ಒಂದು ಗಾರ್ಮೆಂಟ್ ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಚೆಕಿಂಗ್ ಸೂಪರ್‌ವೈಸರ್. ಆ ವರ್ಷ ನಮ್ಮ ಸೇಠ್‌ಗೆ ಜಪಾನಿನಿಂದ ಮಕ್ಕಳ ಅಂಗಿಗಳ ಆರ್ಡರ್ ಸಿಕ್ಕಿತ್ತು. "ಯಾರಾದರೂ ಒಬ್ಬರು ಅವರ ಭಾಷೆ ಸ್ವಲ್ಪ ಕಲಿತರೆ ಒಳ್ಳೆಯದು" ಎಂದು ಅವರು ಮೀಟಿಂಗಿನಲ್ಲಿ ಹೇಳಿದಾಗ ಎಲ್ಲರೂ ನೆಲ ನೋಡಿದರು, ನಾನು ಮಾತ್ರ ಮರೆತು ಮುಖ ಎತ್ತಿದ್ದೆ. ಕಲಿಸುವವರ ವಿಳಾಸ ಕೊಟ್ಟವನು ನಮ್ಮ ಕಾರ್ಖಾನೆಯ ಮೆಕ್ಯಾನಿಕ್. ಅವನಿಗೂ ಅವರೇ ಉಸ್ತಾದರು. ಬಜಾರಿನಲ್ಲಿ ಅವರು ‘ಮಷೀನ್ ಚಾಚಾ’. ಭಾನುವಾರ ಬೆಳಿಗ್ಗೆ ಎರಡು ಗಂಟೆ ಮಾತ್ರ ‘ಸೆನ್ಸೇ’, ಅಂದರೆ ಗುರುಗಳು. ವಾರವಿಡೀ ಅಂಗಡಿ ತುಂಬಿರುತ್ತಿದ್ದ ಮಷೀನುಗಳನ್ನು ಆ ಹೊತ್ತಿಗೆ ಗೋಡೆಗೆ ಒತ್ತಿ ಇಟ್ಟಿರುತ್ತಿದ್ದರು. ನಾವು ಹೊಲಿಗೆಯವರ ಸ್ಟೂಲುಗಳಲ್ಲಿ ಕುಳಿತು, ಹೊಲಿಗೆ ಟೇಬಲ್ಲಿನ ಮೇಲೆ ನೋಟ್‌ಬುಕ್ ಇಟ್ಟು ಬರೆಯುತ್ತಿದ್ದೆವು. ಮನೆಗೆ ಹೋದಾಗ ನನ್ನ ನೋಟ್‌ಬುಕ್ಕಿಗೆ ಮಷೀನ್ ಎಣ್ಣೆಯ ವಾಸನೆ ಇರುತ್ತಿತ್ತು.

ಅವರಿಗೆ ಜಪಾನಿ ಬಂದ ಕತೆಯನ್ನು ನಾನು ಕನಿಷ್ಠ ಐದು ಸಲ ಕೇಳಿರಬೇಕು. ಪ್ರತಿ ಹೊಸ ಬ್ಯಾಚಿಗೂ ಅವರು ಹೇಳುತ್ತಿದ್ದರು, ಹಳಬರಾದ ನಾವೂ ಕಿವಿಗೊಡುತ್ತಿದ್ದೆವು. ಅವರಾಗ ದೊಡ್ಡ ಕಾರ್ಖಾನೆಯೊಂದರಲ್ಲಿ ಮೆಕ್ಯಾನಿಕ್. ಹೊಸ ಮಷೀನು ಕೂಡಿಸಲು ಜಪಾನಿನಿಂದ ಒಬ್ಬ ಎಂಜಿನಿಯರ್ ಬಂದ. ಏಪ್ರಿಲ್ ತಿಂಗಳು. ಆತ ದಿನಾ ಬೆಳಿಗ್ಗೆ ಒಳಗೆ ಬಂದವನೇ ಬೆವರು ಒರೆಸಿಕೊಳ್ಳುತ್ತ "ಅತ್ಸುಕು ನಾರಿಮಾಶ್ತಾ ನೆ" ಎನ್ನುತ್ತಿದ್ದ. ಇವರು ಅದನ್ನು ನಮಸ್ಕಾರ ಎಂದು ತಿಳಿದರು. ತಾವೂ ದಿನಾ ಬಾಗಿ, ಎದೆಗೆ ಕೈಯಿಟ್ಟು "ಅತ್ಸುಕು ನಾರಿಮಾಶ್ತಾ ನೆ" ಎಂದರು. ಕಾರ್ಖಾನೆಯ ವಾಚ್‌ಮನ್‌ಗೂ ಕಲಿಸಿದರು, ಕ್ಯಾಂಟೀನಿನವನಿಗೂ ಕಲಿಸಿದರು. ಜುಲೈ ಬಂತು. ಹಳಿಗಳ ಮೇಲೆ ನೀರು ನಿಂತು ಲೋಕಲ್ ಬಂದಾದ ಒಂದು ದಿನ ಇವರು ಸೊಂಟದವರೆಗಿನ ನೀರಿನಲ್ಲಿ ನಡೆದು ಬಂದು, ಹಲ್ಲು ಕಟಕಟ ಅನ್ನುತ್ತಿದ್ದರೂ ಬಾಗಿ ಅದನ್ನೇ ಹೇಳಿದರು. ಎಂಜಿನಿಯರ್ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಸ್ಪ್ಯಾನರ್ ಕೆಳಗಿಟ್ಟು ನೆಲದ ಮೇಲೆ ಕೂತು ನಕ್ಕ. ಸೆಖೆಯಾಯಿತಲ್ಲ, ಸೆಖೆಯಾಯಿತಲ್ಲ ಎಂದು ನಡುಗುತ್ತ ನಿಂತ ಮನುಷ್ಯ! ನಕ್ಕು ಸುಸ್ತಾದ ಮೇಲೆ ಆತ ಇವರ ಒದ್ದೆ ಅಂಗಿ ಮುಟ್ಟಿ, ನಿಧಾನವಾಗಿ ಹೇಳಿದ: "ಸಮುಕು ನಾರಿಮಾಶ್ತಾ." ಚಳಿಯಾಯಿತು.

"ಆವಾಗ ಟ್ಯೂಬ್‌ಲೈಟ್ ಹತ್ತು" ಎನ್ನುತ್ತಿದ್ದರು. "ಹಿಂದಿಂದು ಹಂಗ ಅದ, ಮುಂದಿಂದು ಬದಲಾತು. ಸ್ಕ್ರೂ ಅದ, ಬಿಟ್ ಬದಲಿ ಮಾಡಿದ್ರ ಮುಗೀತು."

ಆ ಎಂಜಿನಿಯರನೇ ಮುಂದೆ ಅವರನ್ನು ಒಂದು ವರ್ಷದ ಟ್ರೇನಿಂಗಿಗೆ ಜಪಾನಿಗೆ ಕರೆಸಿಕೊಂಡ.

ಅವರ ವ್ಯಾಕರಣದ ಮಾತುಗಳು ನನಗೆ ಪುಸ್ತಕದ ನಿಯಮಗಳಿಗಿಂತ ಹೆಚ್ಚು ನೆನಪಿವೆ. ಕಿರೇಯಿ ಎಂಬ ಪದವಿದೆ. ಚೆಂದ ಎಂದು ಅರ್ಥ. ಕೊನೆಗೆ ಇ ಬರುವುದರಿಂದ ಹೊಸಬರೆಲ್ಲ ಅದಕ್ಕೂ ಕು ಹಚ್ಚಿಬಿಡುತ್ತಾರೆ. ನಾನೂ "ಕಿರೇಕು ನಾರಿಮಾಶ್ತಾ" ಎಂದೆ. ಅವರು ಮುಖ ಹಿಂಡಿದರು. "ಅದಕ್ಕ ‘ನಿ’ ಹಚ್ಚಬೇಕ್ರಿ. ಕಿರೇಯಿ ನಿ ನಾರಿಮಾಶ್ತಾ. ಲಗ್ನಕ್ಕ ಬಂದ ದೂರದ ಮಂದಿ ಇದ್ದಂಗ ಅದು. ಮೂಗು ನೋಡಿ ನಮ್ಮ ಮನೆತನದ್ದ ಅಂತ ಪಂಕ್ತಿಗೆ ಕೂಡಿಸಬ್ಯಾಡ್ರಿ."

ನಾರು ಕಲಿತ ಮುಂದಿನ ವಾರ ‘ಸುರು’ ಬಂತು. ನಾರು ಅಂದರೆ ಆಗುವುದು, ಸುರು ಅಂದರೆ ಮಾಡುವುದು. ಕೋಣೆ ಸ್ವಚ್ಛವಾಯಿತು, ಕೋಣೆ ಸ್ವಚ್ಛ ಮಾಡಿದೆ. ಪುಸ್ತಕದಲ್ಲಿ ಇದು ಎರಡು ಪುಟದ ಪಾಠ. ಅವರ ಕ್ಲಾಸಿನಲ್ಲಿ ಮಾತ್ರ ಅದು ಮುಗಿಯುತ್ತಲೇ ಇರಲಿಲ್ಲ. ಭಾನುವಾರ ರೈಲಿನವರು ಹಳಿ ರಿಪೇರಿಗೆಂದು ಲೋಕಲ್ ನಿಲ್ಲಿಸಿ ಮೆಗಾಬ್ಲಾಕ್ ಇಟ್ಟರೆ ಅರ್ಧ ಕ್ಲಾಸು ತಡವಾಗಿ ಬರುತ್ತಿತ್ತು. ಬಂದವರು ಬಾಗಿಲಲ್ಲೇ ನಿಂತು, ಲೋಕಲ್ ಲೇಟಾಯಿತು ಎಂದು ಜಪಾನಿಯಲ್ಲಿ ಹೇಳಬೇಕು. ಅವರು ಕೈಯಲ್ಲಿನ ಸುಣ್ಣದ ಬಿಲ್ಲೆ ತೋರಿಸಿ ಕೇಳುವರು: "ಹುವಾ ಕ್ಯಾ, ಕಿಯಾ?" ನನ್ನ ಪಾಳಿ ಬಂದಾಗ ಅದೇ ಪ್ರಶ್ನೆ ಕನ್ನಡದಲ್ಲಿ: "ಆತೋ, ಮಾಡಿದ್ರೋ?" ಮೆಗಾಬ್ಲಾಕ್ ಇದೆಯೆಂದು ಹಿಂದಿನ ದಿನವೇ ಗೊತ್ತಿತ್ತಲ್ಲ! ನಾವು ತಲೆ ಕೆರೆದುಕೊಂಡು ನಾರು ಬಿಟ್ಟು ಸುರು ಹಾಕಿ ವಾಕ್ಯ ತಿದ್ದಿದ ಮೇಲೆಯೇ ಸ್ಟೂಲು ಸಿಗುತ್ತಿತ್ತು.

ಅದೇ, ಜಪಾನಿ ಪರೀಕ್ಷೆ ಪಾಸಾದವರು ಪೇಡೆ ತಂದು "ನೀವೇ ಪಾಸ್ ಮಾಡಿಸಿದಿರಿ ಸೆನ್ಸೇ" ಎಂದರೆ ಅವರು ತಲೆ ಅಲ್ಲಾಡಿಸುತ್ತಿದ್ದರು. "ನಾ ಏನ್ ಮಾಡೀನ್ರಿ, ಪಾಸ್ ಆದ್ರಿ. ಚಲೋದಾದ್ರ ಆತು ಅನಬೇಕು. ಕೆಟ್ಟದ್ದಾದ್ರ ಮಾಡಿದೆ ಅನಬೇಕು. ಉಲ್ಟಾ ಹೇಳೋ ಮಂದಿ ಭಾಳ ಅದಾರ ಜಗತ್ತಿನಾಗ. ಅವ್ರಿಗೆ ಜಪಾನಿ ಬ್ಯಾಡ, ಹಿಂದೀನ ಸಾಕು." ಇದು ನಿಜವಾದ ಜಪಾನಿ ವ್ಯಾಕರಣವೋ ಅವರದೇ ವ್ಯಾಕರಣವೋ ನನಗೆ ಇವತ್ತಿಗೂ ಗೊತ್ತಿಲ್ಲ. ಪರೀಕ್ಷೆಯಲ್ಲಂತೂ ಕೇಳಲಿಲ್ಲ.

ನನ್ನ ನಿಜವಾದ ಪರೀಕ್ಷೆ ಬೇರೆ ಕಡೆ ಬಂತು.

ಅಂಗಿಗಳ ಬಟ್ಟೆ ಎರಡು ಕಂತಿನಲ್ಲಿ ಬಂದಿತ್ತು. ನೀಲಿ ಬಣ್ಣ. ಪ್ರತಿ ಕಂತಿನಿಂದ ತುಂಡು ಕತ್ತರಿಸಿ, ತೊಳೆದು, ಒಣಗಿಸಿ, ಬಣ್ಣ ನಿಲ್ಲುತ್ತದೆಯೋ ಇಲ್ಲವೋ ನೋಡಿ ಸಹಿ ಹಾಕುವುದು ನನ್ನ ಕೆಲಸ. ಮೊದಲ ಕಂತನ್ನು ನೋಡಿದ್ದೆ. ಎರಡನೆಯದು ಬಂದಾಗ ವಿಪರೀತ ಅವಸರ. ಅದೇ ಮಿಲ್ಲು, ಅದೇ ಬಣ್ಣ, ಏನಾಗುತ್ತದೆ ಎಂದುಕೊಂಡು ತೊಳೆಯದೆಯೇ ಸಹಿ ಹಾಕಿದೆ. ಅಂಗಿಗಳು ತಯಾರಾದವು. ನೋಡಲು ಬಂದ ಜಪಾನಿ ಕಂಪನಿಯ ಹೆಂಗಸು ನಾಲ್ಕು ಅಂಗಿಗಳನ್ನು ಹೋಟೆಲ್ಲಿಗೆ ಒಯ್ದು, ರೂಮಿನ ಸಿಂಕಿನಲ್ಲಿ ತಾನೇ ತೊಳೆದಿದ್ದಳು. ಎರಡು ನೀಲಿಯಾಗಿಯೇ ಉಳಿದವು. ಎರಡು ಮುಗಿಲಿನ ಬಣ್ಣಕ್ಕೆ ತಿರುಗಿದವು. ಶನಿವಾರ ಫೋನು ಬಂತು. ಸೋಮವಾರ ಮೀಟಿಂಗು.

ಸೇಠ್ ನನ್ನನ್ನು ಕರೆದು, "ಬೋಲ್ ದೇನಾ, ಹೋಟೆಲ್ ಕಾ ಪಾನೀ ಖರಾಬ್ ಹೈ. ಕಲರ್ ಅಪನೇ ಆಪ್ ಫೇಡ್ ಹೋ ಗಯಾ" ಎಂದರು. ನೀರು ಕೆಟ್ಟದ್ದು, ಬಣ್ಣ ತಾನಾಗಿಯೇ ಮಾಸಿತು ಎಂದು ಹೇಳಿಬಿಡು. ನಾನು ತೊಳೆದು ನೋಡಿಲ್ಲವೆಂಬುದು ಅವರಿಗೂ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಕೆಲಸ ಹೋದರೆ, ನಲವತ್ತರ ಹೊಸ್ತಿಲಲ್ಲಿ ಇನ್ನೊಂದು ಹುಡುಕಿಕೊಂಡು ಅಲೆಯಬೇಕಾಗುತ್ತಿತ್ತು.

ಭಾನುವಾರ ಕ್ಲಾಸು ಮುಗಿದು ಎಲ್ಲರೂ ಹೋದ ಮೇಲೆ ನಾನು ಉಳಿದೆ. ಅವರು ಒಂದು ಮಷೀನನ್ನು ಅಂಗಾತ ಮಲಗಿಸಿ ಎಣ್ಣೆ ಬಿಡುತ್ತಿದ್ದರು.

"ಸೆನ್ಸೇ, ಒಂದು ವಾಕ್ಯ ಬೇಕಾಗೇತ್ರಿ. ಬಣ್ಣ ಮಾಸಿತು ಅನ್ನಾಕ ಹೆಂಗ ಹೇಳಬೇಕು?"

"ಇರೋ ಗಾ ಉಸುಕು ನಾರಿಮಾಶ್ತಾ. ಬಣ್ಣ ತಿಳಿಯಾತು. ಯಾಕ್ರಿ?"

ನಾನು ಎಲ್ಲ ಹೇಳಿದೆ. ಹೇಳಬಾರದೆಂದುಕೊಂಡಿದ್ದೆ, ಸಹಿಯ ವಿಷಯವೂ ಬಂದುಬಿಟ್ಟಿತು. ಅವರು ಬಯ್ಯುತ್ತಾರೆ, ಇಲ್ಲವೇ ಯಾವಾಗಲೂ ಕೇಳುವ ಅದೇ ಪ್ರಶ್ನೆ ಕೇಳುತ್ತಾರೆ ಎಂದು ಕಾದೆ. ಅವರು ಕೈ ಒರೆಸಿಕೊಂಡು ಎದ್ದು ಹೋಗಿ ಕಪ್ಪು ಬಟ್ಟೆಯ ಮೇಲೆ ಎರಡು ವಾಕ್ಯ ಬರೆದರು. ಒಂದು ಆಗಲೇ ಹೇಳಿದ್ದು. ಇನ್ನೊಂದು, "ವಾತಾಶಿ ಗಾ ತೆಸುತೊ ಓ ಶಿಮಾಸೆನ್ ದೆಶ್ತಾ." ನಾನು ಟೆಸ್ಟ್ ಮಾಡಲಿಲ್ಲ.

"ಎರಡೂ ವ್ಯಾಕರಣ ಸರಿ ಅದಾವ. ಯಾವ್ದು ಬೇಕೋ ಒಯ್ರಿ" ಎಂದು ಮತ್ತೆ ಮಷೀನಿನ ಹತ್ತಿರ ಹೋಗಿ ಕೂತರು. ನನಗೆ ಅಳು ಬಂದಿತ್ತು. ಅವರು ತಲೆ ಎತ್ತದೆ, ಯಾಕೆ ಹೆದರುತ್ತೀ ಮಗಳೇ ಎಂದು ತಮ್ಮ ದಖನಿ ಉರ್ದುವಿನಲ್ಲಿ ಶುರುಮಾಡಿ ಕನ್ನಡಕ್ಕೆ ಹೊರಳಿದರು: "ಕೈಕೂ ಡರ್ತೀ, ಬೇಟಿ? ಚಾ ಕುಡೀತೀಯೇನು?" ಅಲ್ಲಿಯವರೆಗೆ ಬಹುವಚನದಲ್ಲಿದ್ದ ನಾನು ಆ ದಿನದಿಂದ ಬೇಟಿ ಆದೆ.

ಸೋಮವಾರ ಆ ಹೆಂಗಸು ನಾಲ್ಕು ಅಂಗಿಗಳನ್ನು ಮೇಜಿನ ಮೇಲೆ ಸಾಲಾಗಿ ಹಾಸಿ ಕೂತಿದ್ದಳು. ಸೇಠ್ ಪಕ್ಕದಲ್ಲಿ ಗೋಡಂಬಿ ತಟ್ಟೆ ಮುಂದೆ ಮಾಡುತ್ತಿದ್ದರು. ನಾನು ಎದ್ದು ನಿಂತೆ. ಬಾಯಿಗೆ ಮೊದಲು ಬಂದದ್ದು ಉಸುಕು ನಾರಿಮಾಶ್ತಾ ಎಂಬುದೇ. ಅಷ್ಟು ಹೇಳಿ ನಿಂತರೂ ನಡೆಯುತ್ತಿತ್ತು. ಆಕೆ ಪೆನ್ನು ಎತ್ತಿ ಬರೆದುಕೊಳ್ಳತೊಡಗಿದಳು. ಆ ಪೆನ್ನನ್ನು ನೋಡುತ್ತ ನಾನು ಎರಡನೆಯ ವಾಕ್ಯವನ್ನೂ ಹೇಳಿಬಿಟ್ಟೆ. ಪೆನ್ನು ನಿಂತಿತು. ಆಕೆ ನನ್ನ ಮುಖ ನೋಡಿದಳು.

ಏನಂದಳು, ಒಪ್ಪಿದಳೇ ಎಂದು ಸೇಠ್ ಹಸನ್ಮುಖರಾಗಿ ಕೇಳಿದರು: "ಕ್ಯಾ ಬೋಲೀ? ಮಾನ್ ಗಯೀ?" ಅವರು ನಾನು ನೀರಿನ ವಿಷಯ ಹೇಳುತ್ತಿದ್ದೇನೆಂದೇ ತಿಳಿದಿದ್ದರು. ಹಿಂದಿಯಲ್ಲಿ ಅವರಿಗೆ ವಿವರಿಸುವುದು ಜಪಾನಿಗಿಂತ ಕಷ್ಟವಾಯಿತು. ಅವರ ಮುಖ ಕೆಂಪಗಾಯಿತು. ಅಂಥ ಹೊತ್ತಿನಲ್ಲೂ ನನ್ನ ತಲೆಯಲ್ಲಿ ‘ಅಕಾಕು ನಾರಿಮಾಶ್ತಾ’ ಎಂಬ ವಾಕ್ಯ ತಾನೇ ತಾನಾಗಿ ಓಡಿತು, ನಗು ತಡೆಯಲು ತುಟಿ ಕಚ್ಚಿಕೊಂಡೆ.

ಆಕೆ ಮೊದಲ ಕಂತಿನ ಟೆಸ್ಟ್ ಪುಸ್ತಕ ತರಿಸಿ ನೋಡಿದಳು. ತೊಳೆದ ತುಂಡುಗಳು ಅದರಲ್ಲಿ ಪಿನ್ನು ಹಾಕಿ ಇದ್ದವು. ಮೊದಲ ಕಂತಿನ ಅಂಗಿಗಳನ್ನು ಇಟ್ಟುಕೊಂಡಳು, ಎರಡನೆಯದನ್ನು ತಿರುಗಿಸಿದಳು, ಯಾವಾಗ ಹೊಸದು ಕೊಡುತ್ತೀರಿ ಎಂದು ಕೇಳಿದಳು. ಅಷ್ಟೇ. ಸೇಠ್ ನನ್ನನ್ನು ಚೆಕಿಂಗಿನಿಂದ ತೆಗೆದು ಪ್ಯಾಕಿಂಗಿಗೆ ಹಾಕಿದರು. ಎಂಟು ತಿಂಗಳು ಅಂಗಿ ಮಡಿಸಿದೆ. ಮುಂದಿನ ಸೀಸನ್ನಿಗೆ ಬಂದಾಗ ಆಕೆ ಚೆಕಿಂಗ್ ವಿಭಾಗದಲ್ಲೆಲ್ಲ ಕಣ್ಣಾಡಿಸಿ, "ಟೆಸ್ಟ್ ಮಾಡದವರು ಎಲ್ಲಿ?" ಎಂದು ಕೇಳಿದಳಂತೆ. ನನ್ನನ್ನು ಪ್ಯಾಕಿಂಗಿನಿಂದ ಕರೆಸಿದರು. ಇನ್ನು ಮುಂದೆ ಸಹಿ ಇವರದೇ ಇರಲಿ ಎಂದಳು.

ಮೀಟಿಂಗಿನ ಕತೆ ಹೇಳಿದಾಗ ಸೆನ್ಸೇ ಕೇಳಿದ್ದು ಒಂದೇ ಪ್ರಶ್ನೆ: "ದೆಶ್ತಾ ಪೂರಾ ಹೇಳಿದೀಯೋ, ನಡುವ ನುಂಗಿದೀಯೋ?"

ನಾನು ಅವರಿಗೆ ಏನಾದರೂ ಕೊಡಬೇಕೆಂದು ಹಟ ಹಿಡಿದೆ. ಶಾಲು ಬೇಡ, ಸಿಹಿ ಬೇಡ, ಸಕ್ಕರೆ ಕಾಯಿಲೆ. ಬಹಳ ಹೊತ್ತು ಗಡ್ಡ ಕೆರೆದುಕೊಂಡು, ಎಂದೂ ಕಾಣದ ಒಂದು ನಾಚಿಕೆಯಲ್ಲಿ ಅವರು ಹೇಳಿದರು: "ಕನ್ನಡಾ ಓದೂದು ಕಲಸ್ತೀಯೇನು, ಬೇಟಿ?"

ಆಗಲೇ ನನಗೆ ಗೊತ್ತಾದದ್ದು. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಆಮೇಲೆ ಹೊಟ್ಟೆಪಾಡಿಗೆ ಹಿಂದಿ, ಮರಾಠಿ, ಜಪಾನಿ. ಮುನ್ನೂರು ಜಪಾನಿ ಚಿತ್ರಾಕ್ಷರ ಬರೆಯಬಲ್ಲ ಆ ಮನುಷ್ಯನಿಗೆ ತಾನು ಆಡುವ ಕನ್ನಡದ ಒಂದಕ್ಷರ ಓದಲು ಬರುತ್ತಿರಲಿಲ್ಲ. ಯಾಕೆ ಈಗ ಎಂದು ಕೇಳಿದರೆ, "ಊರಿಗೆ ಹೋದ್ರ ಬಸ್ಸಿನ ಬೋರ್ಡ್ ಓದಾಕ" ಎಂದರು. ನಾನು ನಂಬಿದೆ.

ಪ್ರತಿ ಭಾನುವಾರ ಕ್ಲಾಸಿನ ನಂತರ ಅರ್ಧ ಗಂಟೆ ಪಾತ್ರ ಬದಲಾಗುತ್ತಿತ್ತು. ನಾನು ಕಪ್ಪು ಬಟ್ಟೆಯ ಹತ್ತಿರ, ಅವರು ಸ್ಟೂಲಿನ ಮೇಲೆ. ಒತ್ತಕ್ಷರ ಬಂದಾಗ ಸಿಟ್ಟು ಮಾಡಿಕೊಂಡರು. "ಮ್ಯಾಲ ಒಂದ, ಕೆಳಗ ಒಂದ, ಇದೇನು ಚಾಳಿನ ಖೋಲಿ ಏನು?" ಆದರೂ ಬಿಡಲಿಲ್ಲ. ಐದಾರು ತಿಂಗಳಾದ ಮೇಲೆ ಒಂದು ದಿನ ನಾನು ತಂದ ಪತ್ರಿಕೆಯ ತಲೆಬರಹವನ್ನು ತಡವರಿಸದೆ ಓದಿದರು. ಓದಿ ಮುಗಿಸಿ, ತಾವೇ ಜಪಾನಿಯಲ್ಲಿ "ಯೊಮೆರು ಯೋ ನಿ ನಾರಿಮಾಶ್ತಾ" ಎಂದರು. ಬಾರದೇ ಇದ್ದದ್ದು ಬರುವಂತಾದಾಗ ಹೇಳುವ ಮಾತು ಅದು. ಓದುವಂತಾಯಿತು. ಕನ್ನಡದ ‘ವಂತೆ ಆಗು’ ಇದ್ದ ಹಾಗೇ ಜಪಾನಿಯ ‘ಯೋ ನಿ ನಾರು’. ಇದನ್ನು ಮಾತ್ರ ನಮಗೆ ಅವರು ಇನ್ನೂ ಕಲಿಸಿರಲಿಲ್ಲ. ಅವರಿಗೇ ಆ ದಿನ ಅದು ಬೇಕಾಯಿತು.

ಮುಂದಿನ ವಾರ ಅವರು ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತಂದು ಟೇಬಲ್ಲಿನ ಮೇಲಿಟ್ಟರು. ಒಳಗೆ ನೀಲಿ ಇನ್‌ಲ್ಯಾಂಡ್ ಪತ್ರಗಳು.

"ಬಸ್ಸಿನ ಬೋರ್ಡ್ ಸುಳ್ಳು. ಇವನ್ನ ಓದಬೇಕಾಗಿತ್ತು" ಎಂದರು. "ನಮ್ಮ ಆಪಾ ಬರದಾಳ."

ವಿಜಯಪುರದಲ್ಲಿ ಅವರಿಗೆ ಎಂಟು ವರ್ಷ ದೊಡ್ಡವಳಾದ ಅಕ್ಕ. ಹುಡುಗಿಯರನ್ನು ದೂರ ಕಳಿಸಬಾರದೆಂದು ಮನೆಯ ಹತ್ತಿರದ ಕನ್ನಡ ಶಾಲೆಗೆ ಹಾಕಿದ್ದರಿಂದ ಅವಳಿಗೆ ಕನ್ನಡವೊಂದೇ ಬರೆಯಲು ಬರುತ್ತಿತ್ತು. ಅವಳ ಪತ್ರಗಳನ್ನು ಇವರು ಹತ್ತಿರದ ಹೋಟೆಲ್ಲಿನ ಕ್ಯಾಶಿಯರ್ ಕೈಲಿ ಓದಿಸುತ್ತಿದ್ದರು. ಕುಂದಾಪುರದ ಕಡೆಯ ಸಜ್ಜನ. ಗಿರಾಕಿಗಳ ನಡುವೆ, ಗಲ್ಲಾದ ಮೇಲೆ ಪತ್ರ ಬಿಡಿಸಿ ಗಟ್ಟಿಯಾಗಿ ಓದುತ್ತಿದ್ದ. ಈಗ ಆತನೂ ಇಲ್ಲ, ಆ ಹೋಟೆಲ್ಲೂ ಇಲ್ಲ.

ಅವರು ಮೊದಲನೆಯ ಪತ್ರ ಬಿಡಿಸಿ, ಪ್ರತಿ ಅಕ್ಷರದ ಕೆಳಗೆ ಬೆರಳಿಟ್ಟು ಓದತೊಡಗಿದರು. "ಕತ್ತಿ... ಕತ್ತಿಯಂಥಾವನೇ... ವರ್ಷ ಆತು... ನಿನ್ನ ಮಾರಿ ಮರತೀನಿ." ನಿಲ್ಲಿಸಿದರು. ಮತ್ತೆ ಓದಿದರು. ಎರಡನೆಯ ಪತ್ರದಲ್ಲೂ ಬೈಗುಳ, ಮೂರನೆಯದರಲ್ಲೂ ಬೈಗುಳ. ಅವರು ಟೇಬಲ್ಲಿಗೆ ಹಣೆ ಹಚ್ಚಿ ನಕ್ಕರು.

"ಎಲ್ಲರೂ ಕ್ಷೇಮ, ತಾವೂ ಕ್ಷೇಮವೆಂದು ನಂಬುತ್ತೇನೆ ಅಂತ ಓದತಿದ್ದ ಬೇಟಿ ಅಂವ! ನಮ್ಮ ಆಪಾ ಇಷ್ಟು ನಾಜೂಕ ಯಾವಾಗ ಆದ್ಳು ಅಂತ ನಾ ವಿಚಾರ ಮಾಡತಿದ್ದೆ!"

ಪಾಪ, ಆ ಕ್ಯಾಶಿಯರ್. ತುಂಬಿದ ಹೋಟೆಲ್ಲಿನಲ್ಲಿ ಗೌರವಸ್ಥ ಮೆಕ್ಯಾನಿಕ್ ಒಬ್ಬರನ್ನು ಕತ್ತೆ ಎಂದು ಹೇಗೆ ಓದಿಯಾನು?

ನಾಲ್ಕನೆಯ ಪತ್ರ ತೆಗೆದಾಗ ಅವರು ನಗುವುದನ್ನು ನಿಲ್ಲಿಸಿದರು. ಅದು ಯಾವುದೆಂದು ಅಂಚೆ ಮೊಹರಿನ ತಾರೀಖಿನಿಂದಲೇ ಅವರಿಗೆ ತಿಳಿಯಿತು. ಅವರು ಜಪಾನಿನಲ್ಲಿದ್ದಾಗ ತಾಯಿ ತೀರಿಕೊಂಡಿದ್ದರು. ಯಾರೂ ಸುದ್ದಿ ಕೊಡಲಿಲ್ಲ. ಟ್ರೇನಿಂಗ್ ಮುಗಿಸಿ ತಾಯಿಗೆಂದು ಉಣ್ಣೆಯ ಶಾಲು ಹಿಡಿದು ಬಂದಾಗಲೇ ಗೊತ್ತಾದದ್ದು. ಯಾಕೆ ಹೇಳಲಿಲ್ಲ ಎಂದು ಇವರು ಬರೆಸಿದ ಪತ್ರಕ್ಕೆ ಉತ್ತರ ಅದು. ಕ್ಯಾಶಿಯರ್ ಓದಿದ್ದು ಇವರಿಗೆ ಬಾಯಿಪಾಠವಾಗಿತ್ತು: "ನಿನಗೆ ತಿಳಿಸಲು ಆಗಲಿಲ್ಲ. ಪರಿಸ್ಥಿತಿ ಹಾಗಿತ್ತು. ಸಮಯವಾದಾಗ ಬರುವುದು."

ಆ ‘ಆಗಲಿಲ್ಲ’ವನ್ನು ಇವರು ಕ್ಷಮಿಸಿರಲಿಲ್ಲ. ಮದುವೆ-ಮುಂಜಿ ಇದ್ದಾಗ ಊರಿಗೆ ಹೋಗಿ, ಗಂಡಸರ ನಡುವೆ ಕೂತು ಉಂಡು, ಅಕ್ಕನ ಮನೆಗೆ ಹೋಗದೆ, ಸಂಜೆಯ ಬಸ್ಸಿಗೆ ವಾಪಸ್ಸಾಗುತ್ತಿದ್ದರು. ಹಬ್ಬಕ್ಕೊಂದು ಫೋನು, ಎರಡು ನಿಮಿಷ. ಮೂವತ್ತು ವರ್ಷ ಹಾಗೇ ಕಳೆದಿತ್ತು.

ಈಗ ಅವರು ಓದಿದರು. ನಾನು ಸಹಾಯ ಮಾಡಲು ಹೋದರೆ ಕೈ ಅಡ್ಡ ಹಿಡಿದರು.

"ನಿನಗ ಸುದ್ದಿ ಕೊಡಬ್ಯಾಡ ಅಂತ ನಾನ ಎಲ್ಲಾರಿಗೂ ಹೇಳಿದೆ. ಅಮ್ಮಾ ಹೇಳಿರಲಿಲ್ಲ, ನಾನ ಹೇಳಿದೆ. ನೀ ಕಲಿಯೂದು ಬಿಟ್ಟು ಓಡಿ ಬರತಿದ್ದಿ, ಬಂದರೂ ಮುಖ ನೋಡಾಕ ಸಿಗತಿರಲಿಲ್ಲ. ನಾ ಮಾಡಿದ್ದು ತಪ್ಪ ಇದ್ದರ ಬಂದು ನನ್ನ ಬೈ. ಆದರ ಬಾ."

ಹೊರಗೆ ಲೋಕಲ್ ಒಂದು ಹಾದುಹೋಯಿತು. ಮಷೀನುಗಳ ಮೇಲಿಟ್ಟಿದ್ದ ಬಾಬಿನ್‌ಗಳು ಸಣ್ಣಗೆ ಅದುರಿದವು. ಅವರು ಪತ್ರವನ್ನು ಇನ್ನೊಮ್ಮೆ ಮೊದಲಿನಿಂದ ಓದಿದರು, ಈ ಸಲ ಮನಸ್ಸಿನಲ್ಲೇ. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು.

"‘ಬಾ’ ಅಂತ ಬರದಾಳ" ಎಂದರು. "ಸಮಯ ಆದಾಗ ಬರುವುದು ಅಂತ ಓದಿದ್ದ ಅಂವ. ನನಗ ಸಮಯ ಆಗಲಿಲ್ಲ ಅಂತ ನಾ..." ಅಲ್ಲಿಗೆ ನಿಂತರು. ತಲೆ ಅಲ್ಲಾಡಿಸಿದರು. "ಇಲ್ಲ ಬೇಟಿ. ನಾ ಹೋಗಲಿಲ್ಲ."

ನಾನು ಎದ್ದೆ. ಹೋಗಿ ಎರಡು ಕಟಿಂಗ್, ಅಂದರೆ ಅರ್ಧರ್ಧ ಗ್ಲಾಸು, ಚಾ ತಂದೆ. ಸಕ್ಕರೆ ಹಾಕಿದ್ದನ್ನೇ ಅವರು ಕುಡಿದರು. ನಾನೂ ಬೇಡ ಎನ್ನಲಿಲ್ಲ.

ಆ ವಾರವೇ ಅವರು ವಿಜಯಪುರದ ರೈಲು ಹತ್ತಿದರು, ಡಬ್ಬಿಯ ಸಮೇತ. ನಾಲ್ಕು ದಿನಕ್ಕೆಂದು ಹೋದವರು ಒಂದು ತಿಂಗಳು ಉಳಿದರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅಲ್ಲಿ ಅಕ್ಕನೂ ಒಬ್ಬಳೇ. ತಿರುಗಿ ಬಂದು ಇನ್ನೊಂದು ಬ್ಯಾಚು ಮುಗಿಸಿದರು. ಹೋದ ತಿಂಗಳು ಅಂಗಡಿಯನ್ನು ನಮ್ಮ ಮೆಕ್ಯಾನಿಕ್ಕಿಗೆ ಬಿಟ್ಟುಕೊಟ್ಟು, ಕಪ್ಪು ಬಟ್ಟೆಯನ್ನು ನನ್ನ ಕೈಗಿಟ್ಟು, ಊರಿಗೇ ಹೋಗಿಬಿಟ್ಟರು. ಭಾನುವಾರದ ಹೊಸಬರಿಗೆ ಈಗ ನಾನೇ ಪಾಠ ಹೇಳುತ್ತೇನೆ. ನಾನು ಬಾಯಿಬಿಟ್ಟರೆ ಅವರಷ್ಟು ನಗು ಏಳುವುದಿಲ್ಲ.

ಮೊನ್ನೆ ಫೋನು ಮಾಡಿದ್ದೆ. ಎತ್ತಿದ ದನಿ ಹೆಂಗಸಿನದು, ವಯಸ್ಸಾಗಿದ್ದರೂ ಗಡುಸು.

"ಯಾರವಾ?"

ಹೆಸರು ಹೇಳಿದೆ.

"ಹಾಂ, ಇವಗ ಅಕ್ಷರಾ ಕಲಿಸಿದಾಕಿ ನೀನೇನು? ಮೂವತ್ತ ವರ್ಷ ಎಲ್ಲಿ ಹಾಳಾಗಿ ಹೋಗಿದ್ದಿ?"

ಮೂವತ್ತು ವರ್ಷದ ಹಿಂದೆ ನಾನು ಬೊರಿವಲಿಯ ಶಾಲೆಯಲ್ಲಿ ಲಂಗ ಹಾಕಿಕೊಂಡು ಓಡಾಡುತ್ತಿದ್ದೆ ಎಂದು ಹೇಳುವ ಧೈರ್ಯವಾಗಲಿಲ್ಲ. "ತಪ್ಪಾತ್ರಿ ಅಮ್ಮಾ" ಎಂದೆ. ಹಿಂದಿನಿಂದ ಸೆನ್ಸೇ ನಗುವುದು ಕೇಳಿಸಿತು. ಅವಳಿಗೆ ಕಣ್ಣಿನ ಪೊರೆ ಬಂದಿದೆಯಂತೆ, ಆಪರೇಷನ್ ಆಗುವವರೆಗೆ ಓದಲು ಬರೆಯಲು ಆಗದು. ಅದಕ್ಕೇ ಮಧ್ಯಾಹ್ನ ಊಟವಾದ ಮೇಲೆ ಇವರು ಡಬ್ಬಿ ತೆಗೆದು ಅವಳ ಪತ್ರಗಳನ್ನು ಅವಳಿಗೇ ಓದಿ ಹೇಳುತ್ತಿದ್ದಾರೆ. ನಾನು ಫೋನು ಮಾಡಿದಾಗ ಒಂಬತ್ತನೆಯದು ನಡೆದಿತ್ತು.

"ಕೇಳು ಬೇಟಿ, ಕೇಳು" ಎಂದು ಅವರು ಫೋನನ್ನು ನಡುವೆ ಇಟ್ಟು ಓದತೊಡಗಿದರು. ಒತ್ತಕ್ಷರದಲ್ಲಿ ಈಗಲೂ ಸ್ವಲ್ಪ ತಡೆಯುತ್ತಾರೆ. ಪತ್ರ ಒಂದು ಉಸಿರಿಗೆ ಏಳು ಬೈಗುಳದಿಂದ ಶುರುವಾಗಿತ್ತು. ಅವಳು ನಡುವೆ ಬಾಯಿ ಹಾಕಿದಳು.

"ತಡಿ. ಇದನ್ನ ನಾ ಬರದೀನಿ?"

"ನೀನ ಬರದೀ ಆಪಾ. ಸಹಿ ಅದ."

"ಚಲೋ ಬರದೀನಲ್ಲ!" ಎಂದಳು ಅವಳು, ನಿಜವಾದ ಅಚ್ಚರಿಯಿಂದ. "ಮುಂದ ಓದು."